ಅಂಗ್‌ಕೋರಿನಲ್ಲಿ ಕ್ಯಾಮೆರಾದೊಡನೆ

ಅಂಗ್‌ಕೋರ್ ವಾಟ್ ದೇವಾಲಯದ ಚಿತ್ರವನ್ನು ಕಾಣದವರು ಇಂದು ವಿರಳ. ಗೋಡೆಯ ಕ್ಯಾಲೆಂಡರಿನಲ್ಲಿ, ಪ್ರವಾಸದ ಜಾಹೀರಾತುಗಳಲ್ಲಿ, ಕಾಂಬೋಡಿಯ ದೇಶದ ರಾಷ್ಟ್ರಧ್ವಜದಲ್ಲಿಯೂ ಅದರ ಗೋಪುರಗಳು ತಲೆಯೆತ್ತಿ ನಿಂತಿವೆ. ಈ ಚಿತ್ರಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಒಂದು. ಹೊಂಬಣ್ಣಕ್ಕೆ ತಿರುಗುತ್ತಿರುವ ಮುಂಜಾನೆಯ ಆಕಾಶ. ಅದರೆದುರು ಕಪ್ಪಗೆ ನಿಂತ ಐದು ಗೋಪುರಗಳು. ಕೆಳಗೆ ಕೊಳದ ನೀರಿನಲ್ಲಿ ತಲೆಕೆಳಗಾಗಿ ತೂಗುವ ಅವೇ ಐದು ಗೋಪುರಗಳು.

ಈ ಒಂದು ಚಿತ್ರಕ್ಕಾಗಿ ಜಗತ್ತಿನ ಮೂಲೆಮೂಲೆಗಳಿಂದ ಬಂದ ಜನ ಬೆಳಗಿನ ಐದು ಗಂಟೆಯ ಕತ್ತಲೆಯಲ್ಲಿ, ಕೈದೀಪದ ಬೆಳಕಿನಲ್ಲಿ ಕಲ್ಲುಹಾದಿಯನ್ನು ತಡಕುತ್ತ ಬಂದು, ಎಡಗಡೆಯ ಕೊಳದ ದಂಡೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಮುಕ್ಕಾಲಿಗಳ ಕಾಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಸೂರ್ಯ ಗೋಪುರಗಳ ಮೇಲಕ್ಕೆ ಏರಿದನೋ ಇಲ್ಲವೋ, ಜನರಲ್ಲಿ ಬಹುಪಾಲು ಉಪಾಹಾರಕ್ಕೆಂದು ಚದುರಿಹೋಗುತ್ತಾರೆ.

ಆ ಚಿತ್ರವನ್ನು ನೋಡುವವರ ಕಣ್ಣು ಮೇಲಿನ ಅರ್ಧದಲ್ಲಿಯೇ ನೆಟ್ಟಿರುತ್ತದೆ. ಕೆಳಗಿನ ಅರ್ಧ, ಎಂದರೆ ನೀರು, ಬರಿಯ ಅಲಂಕಾರವೆಂಬುದು ನಮ್ಮ ಎಣಿಕೆ. ಆದರೆ ಅಂಗ್‌ಕೋರಿನ ಪ್ರದೇಶದಲ್ಲಿ ನಾಲ್ಕಾರು ದಿನ ಕ್ಯಾಮೆರಾ ಹೊತ್ತು ಅಲೆದವರಿಗೆ ಬೇರೊಂದು ಸತ್ಯ ಕ್ರಮೇಣ ಗೋಚರಿಸುತ್ತದೆ. ಇಲ್ಲಿ ನೀರೇ ಆಧಾರ. ಕಲ್ಲು ಅದನ್ನು ನಂಬಿ ನಿಂತಿದೆ. ಇದನ್ನು ಉಪಮೆಯ ಮಾತೆಂದು ವಾಚಕರು ಭಾವಿಸಬಾರದು. ಅಕ್ಷರಶಃ ಹಾಗೆಯೇ ಇದೆ.

ಗಾಜಿನ ತಗಡಿನ ಮೇಲೆ

ಅಂಗ್‌ಕೋರಿನ ಮೊದಲ ಛಾಯಾಚಿತ್ರಗಳನ್ನು ತೆಗೆದವನು ಜಾನ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು, ವರ್ಷ 1866. ಆಗ ಈ ಪ್ರಾಂತ ಸಯಾಮಿನ ಆಳ್ವಿಕೆಗೆ ಒಳಪಟ್ಟಿತ್ತು. ಸಯಾಮಿನ ದೊರೆ ಮೊಂಗ್‌ಕುಟನ ಅನುಮತಿ ಪಡೆದು ಥಾಮ್ಸನ್ ಬ್ಯಾಂಕಾಕಿನಿಂದ ಹೊರಟನು. ದಾರಿಯಲ್ಲಿ ಕಾಡುಜ್ವರ ಬಂದು ನರಳಿದರೂ ಹಿಂದಿರುಗಲಿಲ್ಲ.

ಅಂದಿನ ಛಾಯಾಗ್ರಹಣದ ಕಷ್ಟ ಇಂದಿನವರ ಊಹೆಗೂ ನಿಲುಕದು. ಗಾಜಿನ ತಗಡಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಬೇಕು. ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಬೇಕು. ಹಸಿಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕಿಗೊಡ್ಡಬೇಕು. ಆರುವುದಕ್ಕೆ ಮುನ್ನ ಕತ್ತಲೆಯ ಡೇರೆಗೆ ಒಯ್ದು ಚಿತ್ರವನ್ನು ಎಬ್ಬಿಸಿ ತೊಳೆಯಬೇಕು. ಉಷ್ಣದೇಶದ ಸೆಖೆಯಲ್ಲಿ ಇಷ್ಟೆಲ್ಲವೂ ಕೆಲವೇ ನಿಮಿಷಗಳ ಕೆಲಸ. ಒಂದೊಂದು ಚಿತ್ರಕ್ಕೂ ಶುದ್ಧವಾದ ನೀರು ಬೇಕು. ಹೀಗೆ ತೆಗೆದ ಚಿತ್ರಗಳನ್ನು ಥಾಮ್ಸನ್ 1867ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದನು. ಅವನ ಗಾಜಿನ ತಗಡುಗಳು ಇಂದಿಗೂ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಭದ್ರವಾಗಿವೆ. ಕಾಡಿನ ನಡುವೆ ಕಲ್ಲಿನ ಬೆಟ್ಟವೊಂದು ಎದ್ದುಬಂದಂತಿರುವ ಅಂಗ್‌ಕೋರಿನ ರೂಪ ಹೊರಗಿನ ಲೋಕದ ಕಣ್ಣಿಗೆ ಬಿದ್ದುದು ಈ ಚಿತ್ರಗಳಿಂದ.

ಹಗಲಿನ ಬೆಳಕು

ಹಿಂದೂ ದೇವಾಲಯಗಳು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿರುತ್ತವೆ. ಅಂಗ್‌ಕೋರ್ ವಾಟ್ ಪಶ್ಚಿಮಾಭಿಮುಖ. ಆದುದರಿಂದ ಬೆಳಗಿನ ಹೊತ್ತು ಗುಡಿಯ ಮುಖಕ್ಕೆ ಬೆಳಕಿಲ್ಲ. ಬರಿಯ ನೆರಳಿನ ಆಕಾರ ಮಾತ್ರ ಕಾಣುತ್ತದೆ. ವರ್ಷದಲ್ಲಿ ಎರಡು ಬಾರಿ, ಹಗಲೂ ಇರುಳೂ ಸಮನಾಗಿರುವ ದಿನಗಳಲ್ಲಿ, ಮುಂದಿನ ಹಾದಿಯ ಮೇಲೆ ನಿಂತವರಿಗೆ ಸೂರ್ಯ ನಡುಗೋಪುರದ ತುದಿಯಿಂದಲೇ ಹುಟ್ಟಿಬಂದಂತೆ ತೋರುತ್ತಾನೆ. ಆದರೆ ಶಿಲ್ಪವನ್ನು ನೋಡಬೇಕೆಂಬ ಆಸೆಯುಳ್ಳವರು ಬರಬೇಕಾದುದು ಮಧ್ಯಾಹ್ನ ಮೂರು ಗಂಟೆಯ ಮೇಲೆ. ಆಗ ಪಡುವಣ ಬಿಸಿಲು ಓರೆಯಾಗಿ ಮೊಗಸಾಲೆಯೊಳಕ್ಕೆ ಇಳಿದು, ಎರಡು ಬೆರಳಿನಷ್ಟೂ ಆಳವಿಲ್ಲದ ಕೆತ್ತನೆಗೆ ಜೀವ ತುಂಬುತ್ತದೆ.

ಪಶ್ಚಿಮದ ಗೋಡೆಯ ಒಂದು ಪಾರ್ಶ್ವದಲ್ಲಿ ಕುರುಕ್ಷೇತ್ರ, ಇನ್ನೊಂದು ಪಾರ್ಶ್ವದಲ್ಲಿ ಲಂಕೆಯ ಯುದ್ಧ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ಗುರುತಿಸುವುದಕ್ಕೆ ಭಾರತದವರಿಗೆ ಯಾರ ಸಹಾಯವೂ ಬೇಕಾಗಿಲ್ಲ. ಪೂರ್ವದ ಗೋಡೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಥನ ಹಬ್ಬಿದೆ. ವಾಸುಕಿಯನ್ನು ಹಿಡಿದೆಳೆಯುವ ದೇವದಾನವರು ಮೇಲೆ; ಕಡೆಯುತ್ತಿರುವ ಕಡಲಿನಲ್ಲಿ ಮೀನು ಮೊಸಳೆಗಳ ರಾಶಿ ಕೆಳಗೆ. ಕಡೆಗೋಲಿನ ಸಮೀಪಕ್ಕೆ ಬಂದ ಮೀನುಗಳು ತುಂಡುತುಂಡಾಗಿ ಹೋಗಿರುವುದನ್ನೂ ಶಿಲ್ಪಿ ಬಿಡದೆ ಕೆತ್ತಿದ್ದಾನೆ.

ಈ ವಿಷ್ಣುದೇವಾಲಯವನ್ನು ಕಟ್ಟಿಸಿದವನು ಎರಡನೆಯ ಸೂರ್ಯವರ್ಮ. ಅವನು ಪಟ್ಟವೇರಿದುದು 1113ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ, 1117ರಲ್ಲಿ, ನಮ್ಮ ಬೇಲೂರಿನಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದನು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಅರಸರು, ಒಂದೇ ಕಾಲದಲ್ಲಿ, ಕಡಲಿನ ಆಚೆಗೂ ಈಚೆಗೂ, ಒಂದೇ ದೇವರಿಗೆ ಗುಡಿ ಕಟ್ಟಿಸುತ್ತಿದ್ದರು. ಬೇಲೂರಿನ ಕಲ್ಲು ಬಳಪದ ಕಲ್ಲು, ಇಲ್ಲಿಯದು ಮರಳುಗಲ್ಲು.

ಈ ಮರಳುಗಲ್ಲು ಬಂದುದು ಕುಲೇನ್ ಬೆಟ್ಟಗಳ ಬುಡದಿಂದ. ಸುತ್ತಲೂ ಸಪಾಟಾದ ಬತ್ತದ ಬಯಲು, ಕಲ್ಲೆಂಬುದೇ ಇಲ್ಲ. ಅಷ್ಟು ದೂರದಿಂದ ಲಕ್ಷಾಂತರ ತುಂಡುಗಳು ಬಂದ ದಾರಿ ಯಾವುದು? ಗಣಿಗಳಿಗೂ ಗುಡಿಗೂ ನಡುವೆ ಹಳೆಯ ಕಾಲುವೆಗಳ ಜಾಡನ್ನು ಸಂಶೋಧಕರು ಗುರುತಿಸಿದ್ದಾರೆ. ಕಲ್ಲು ನೀರಿನ ಮೇಲೆ ತೇಲಿ ಬಂದಿತು.

ಬಂದ ಕಲ್ಲು ನಿಂತಿರುವುದೂ ನೀರಿನ ಆಸರೆಯಲ್ಲಿಯೇ. 65 ಮೀಟರ್ ಎತ್ತರದ ಗೋಪುರವನ್ನು ಹೊತ್ತಿರುವ ಬುನಾದಿಯಲ್ಲಿ ಬಂಡೆಯಿಲ್ಲ. ಒತ್ತಿ ತುಂಬಿದ ಮರಳು ಮತ್ತು ಜಂಬಿಟ್ಟಿಗೆ ಮಾತ್ರ. ಸಮುದ್ರತೀರದಲ್ಲಿ ಆಡಿದ ಮಕ್ಕಳಿಗೂ ತಿಳಿದ ಮಾತಿದು: ಹಸಿಯ ಮರಳು ಗಟ್ಟಿಯಾಗಿ ನಿಲ್ಲುತ್ತದೆ, ಒಣಗಿದ ಮರಳು ಜಾರುತ್ತದೆ. ಗುಡಿಯನ್ನು ಸುತ್ತುವರಿದ ಸುಮಾರು 190 ಮೀಟರ್ ಅಗಲದ ಕಂದಕ ಪುರಾಣದ ಕ್ಷೀರಸಾಗರದ ಸಂಕೇತವೆಂದು ಪಂಡಿತರು ಹೇಳುತ್ತಾರೆ. ಅದು ನಿಜ. ಆದರೆ ಅದೇ ಕಂದಕ ನೆಲದಡಿಯ ನೀರಿನ ಮಟ್ಟ ಕುಸಿಯದಂತೆ ನೋಡಿಕೊಂಡು, ಬುನಾದಿಯ ಮರಳು ಒಣಗದಂತೆ ಕಾಯುತ್ತಲೂ ಇದೆ.

ಬೆಟ್ಟದ ಮೇಲಿನಿಂದ

ಅಂಗ್‌ಕೋರ್ ವಾಟಿನ ಸಮೀಪದಲ್ಲಿಯೇ ಫ್ನೋಮ್ ಬಖೆಂಗ್ ಎಂಬ ಗುಡ್ಡವುಂಟು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಯಶೋವರ್ಮನು ಅದರ ನೆತ್ತಿಯಲ್ಲಿ ಶಿವಾಲಯ ಕಟ್ಟಿಸಿದನು. ಸೂರ್ಯಾಸ್ತವನ್ನು ನೋಡಲು ಇಲ್ಲಿ ನೂಕುನುಗ್ಗಲು. ಒಂದು ಬಾರಿಗೆ 300 ಜನರನ್ನು ಮಾತ್ರ ಮೇಲೆ ಬಿಡುತ್ತಾರೆ. ಮೇಲೇರಿದವರಿಗೆ ಒಂದು ಕಡೆ ಕಾಡಿನ ಹಸಿರಿನಲ್ಲಿ ಮುಳುಗಿದ ಅಂಗ್‌ಕೋರ್ ವಾಟ್, ಇನ್ನೊಂದು ಕಡೆ ಬೆಳ್ಳಿಯ ತಗಡಿನಂತೆ ಹೊಳೆಯುವ ವಿಸ್ತಾರವಾದ ಜಲರಾಶಿ ಕಾಣುತ್ತದೆ. ಅದೇ ಪಶ್ಚಿಮ ಬರಾಯ್. ಹನ್ನೊಂದನೆಯ ಶತಮಾನದಲ್ಲಿ ಮನುಷ್ಯರು ಕಟ್ಟಿದ ಕೆರೆ. ಉದ್ದ 8 ಕಿಲೋಮೀಟರ್, ಅಗಲ 2 ಕಿಲೋಮೀಟರಿಗೂ ಹೆಚ್ಚು.

ಕೆರೆಕಟ್ಟೆಗಳ ನಾಡಿನವರಾದ ನಮಗೆ ಈ ಕೆರೆಯ ರೀತಿ ವಿಚಿತ್ರವೆನಿಸುತ್ತದೆ. ನಮ್ಮವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದರು. ಇಲ್ಲಿ ಕಣಿವೆಯೇ ಇಲ್ಲ. ಬಯಲಿನ ನಡುವೆ ನಾಲ್ಕೂ ಕಡೆ ಮಣ್ಣಿನ ಏರಿಯೆಬ್ಬಿಸಿ, ನೆಲದ ಮಟ್ಟಕ್ಕಿಂತ ಮೇಲೆ ನೀರನ್ನು ಹಿಡಿದಿಟ್ಟರು. ತೂಬು ತೆರೆದರೆ ನೀರು ತಾನಾಗಿಯೇ ಹೊಲಗಳಿಗೆ ಹರಿಯುತ್ತದೆ. 1296ರಲ್ಲಿ ಇಲ್ಲಿಗೆ ಬಂದು ಸುಮಾರು ಒಂದು ವರ್ಷವಿದ್ದ ಚೀನದ ರಾಯಭಾರಿ ಝೌ ದಾಗ್ವಾನ್, ಈ ದೇಶದಲ್ಲಿ ಅರ್ಧ ವರ್ಷ ಮಳೆ, ಅರ್ಧ ವರ್ಷ ಹನಿಯೂ ಇಲ್ಲವೆಂದು ಬರೆದಿಟ್ಟಿದ್ದಾನೆ. ಆ ಒಣ ಅರ್ಧವನ್ನು ದಾಟಿಸುವುದಕ್ಕಾಗಿ ಹುಟ್ಟಿದವು ಈ ಬರಾಯ್‌ಗಳು.

ಬಖೆಂಗ್ ಗುಡ್ಡದ ಮಹತ್ವವನ್ನು ತೋರಿಸಿಕೊಟ್ಟುದೂ ಕ್ಯಾಮೆರಾವೇ. 1930ರ ದಶಕದಲ್ಲಿ ವಿಕ್ಟರ್ ಗೊಲುಬೆಫ್ ಎಂಬ ವಿದ್ವಾಂಸನು ವಿಮಾನದಿಂದ ಚಿತ್ರಗಳನ್ನು ತೆಗೆಸಿ ಪರೀಕ್ಷಿಸಿದನು. ನೆಲದ ಮೇಲೆ ನಡೆದವರಿಗೆ ಕಾಣದಿದ್ದ ಕಂದಕಗಳ ಗೆರೆಗಳೂ ಹಾದಿಗಳೂ ಅವುಗಳಲ್ಲಿ ಮೂಡಿದ್ದವು. ಯಶೋವರ್ಮನ ಮೊದಲ ರಾಜಧಾನಿ ಈ ಗುಡ್ಡವನ್ನೇ ನಡುವಿಟ್ಟುಕೊಂಡಿದ್ದಿತೆಂದು ಅವನು ತೋರಿಸಿದನು. ಮುಂದೆ 2012ರಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಕಿರಣಗಳನ್ನು ಬಿಟ್ಟು ನೆಲವನ್ನು ಅಳೆದರು. ಮರಗಳ ಎಲೆಗಳ ಸಂದಿನಿಂದ ಇಳಿದ ಕಿರಣಗಳು ಕಾಡನ್ನೇ ಅಳಿಸಿದಂತೆ, ಕೆಳಗಿನ ಬೀದಿ, ಮನೆಯ ದಿಬ್ಬ, ಹಿತ್ತಿಲ ಕೊಳಗಳನ್ನು ಬಿಡಿಸಿ ತೋರಿಸಿದವು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಉಚ್ಛ್ರಾಯದ ಕಾಲದಲ್ಲಿ ಈ ನಗರದಲ್ಲಿ 7 ಲಕ್ಷದಿಂದ 9 ಲಕ್ಷ ಜನರಿದ್ದರು. ಮರ, ಬಿದಿರು, ಹುಲ್ಲಿನ ಅವರ ಮನೆಗಳು ಮಣ್ಣಾಗಿ ಹೋದವು. ಉಳಿದುವು ದೇವರ ಕಲ್ಲಿನ ಮನೆ ಮತ್ತು ನೀರಿನ ಗುರುತು.

ಥಾಮ್ಸನನಿಗೆ ಕಂಡುದು ಗುಡಿ. ಗೊಲುಬೆಫ್‌ಗೆ ಕಂಡುದು ರಾಜಧಾನಿ. ಲೇಸರಿಗೆ ಕಂಡುದು ಕೊಳ ಕಾಲುವೆಗಳ ಬಲೆಯಲ್ಲಿ ಹರಡಿದ್ದ ಊರು. ಕ್ಯಾಮೆರಾ ಮೇಲಕ್ಕೇರಿದಷ್ಟೂ ಚಿತ್ರದಲ್ಲಿ ಕಲ್ಲಿನ ಪಾಲು ಕಿರಿದಾಗುತ್ತ, ನೀರಿನ ಪಾಲು ಹಿರಿದಾಗುತ್ತ ಬಂದಿತು.

ನೀರಿಲ್ಲದ ಸೋಪಾನ

ಪೂರ್ವ ಮೇಬೋನ್ ಎಂಬ ಗುಡಿಯ ಬಳಿ ಈ ಮಾತು ಇನ್ನೊಂದು ರೀತಿಯಲ್ಲಿ ಮನಸ್ಸಿಗೆ ನಾಟುತ್ತದೆ. ಹತ್ತನೆಯ ಶತಮಾನದ ಈ ಗುಡಿಯ ನಾಲ್ಕು ಮೂಲೆಗಳಲ್ಲಿ ಕಲ್ಲಾನೆಗಳು ನಿಂತಿವೆ. ನಾಲ್ಕು ದಿಕ್ಕಿನಲ್ಲಿಯೂ ದೋಣಿಯಿಂದ ಇಳಿಯುವ ಕಟ್ಟೆಗಳಿವೆ. ದೋಣಿಯಿಲ್ಲ, ನೀರೂ ಇಲ್ಲ. ಯಶೋವರ್ಮನು ಕಟ್ಟಿಸಿದ ಪೂರ್ವದ ಕೆರೆಯ ನಟ್ಟನಡುವಿನ ದ್ವೀಪವಾಗಿತ್ತು ಇದು. ಏಳು ಕಿಲೋಮೀಟರಿಗೂ ಉದ್ದವಾದ ಆ ಕೆರೆ ಬತ್ತಿಹೋಗಿ, ಅದರ ಅಂಗಳದಲ್ಲಿ ಬತ್ತದ ಗದ್ದೆಗಳೂ ತಾಳೆಮರಗಳೂ ಹಳ್ಳಿಗಳೂ ಎದ್ದಿವೆ. ನೀರಿಲ್ಲದ ಈ ಸೋಪಾನದಷ್ಟು ಅಂಗ್‌ಕೋರಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವ ಚಿತ್ರ ಇನ್ನೊಂದಿಲ್ಲ. ಆದರೆ ಇದನ್ನು ತೆಗೆಯುವವರು ಕಡಮೆ.

ಇಲ್ಲಿಂದ ಅಂಗ್‌ಕೋರ್ ಥೋಮಿನ ಕಡೆಗೆ ಹಿಂದಿರುಗುವ ದಾರಿಯಲ್ಲಿ ಸ್ಪಿಯನ್ ತ್ಮ ಇದೆ. ಕಲ್ಲಿನ ಸೇತುವೆ ಎಂದರ್ಥ. ಸೇತುವೆ ಇಂದಿಗೂ ನಿಂತಿದೆ; ನದಿ ಮಾತ್ರ ಅದರಡಿಯಲ್ಲಿ ಹರಿಯುವುದನ್ನು ಬಿಟ್ಟು ಪಕ್ಕದಲ್ಲಿ ನೆಲ ಕೊರೆದುಕೊಂಡು ಆಳದಲ್ಲಿ ಸಾಗಿದೆ.

ಇವೆಲ್ಲ ಹೇಗಾಯಿತು? ವಿಯೆಟ್ನಾಮಿನ ಬೆಟ್ಟಗಳ ಹಳೆಯ ಮರಗಳ ಒಳಗಿನ ಉಂಗುರಗಳನ್ನು ಎಣಿಸಿ 2010ರಲ್ಲಿ ವಿಜ್ಞಾನಿಗಳು ಒಂದು ಉತ್ತರ ಕೊಟ್ಟರು. ಮಳೆ ಸಮೃದ್ಧವಾದ ವರ್ಷ ಉಂಗುರ ಅಗಲ. ಬರದ ವರ್ಷ ಕಿರಿದು. ಹದಿನಾಲ್ಕನೆಯ ಶತಮಾನದ ನಡುವೆ ದಶಕಗಟ್ಟಲೆ ಅನಾವೃಷ್ಟಿ. ಹದಿನೈದನೆಯ ಶತಮಾನದ ಆದಿಯಲ್ಲಿ ಮತ್ತೆ ಅನಾವೃಷ್ಟಿ. ಅವುಗಳ ನಡುನಡುವೆ ಅತಿವೃಷ್ಟಿ. ಬರಕ್ಕೆ ಒಣಗಿದ ಕಾಲುವೆಗಳನ್ನು ಪ್ರವಾಹ ಕೊಚ್ಚಿತು, ಹೂಳು ತುಂಬಿತು. 1431ರಲ್ಲಿ ಸಯಾಮಿನ ಅಯುತ್ಥಯ ರಾಜ್ಯದ ಸೇನೆ ನಗರವನ್ನು ಹಿಡಿದುದನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆ ಶತ್ರು ಬರುವುದಕ್ಕೆ ಮುನ್ನವೇ ನೀರಿನ ವ್ಯವಸ್ಥೆ ಶಿಥಿಲವಾಗಿತ್ತೆಂದು ಮರಗಳು ಸಾಕ್ಷಿ ನುಡಿಯುತ್ತವೆ.

ಮರಗಳೆಂದೊಡನೆ ಎಲ್ಲರ ನೆನಪಿಗೆ ಬರುವುದು ತಾ ಪ್ರೋಮ್. ಏಳನೆಯ ಜಯವರ್ಮನು 1186ರಲ್ಲಿ ತಾಯಿಯ ನೆನಪಿಗೆಂದು ಕಟ್ಟಿಸಿದ ಈ ಬೌದ್ಧವಿಹಾರದ ಮಾಡುಗಳ ಮೇಲೆ ಭಾರಿ ಮರಗಳು ಕುಳಿತು, ಕರಗಿದ ಮೇಣದಂತೆ ಬೇರಿಳಿಸಿವೆ. ಅವುಗಳಲ್ಲಿ ಸ್ಪಂಗ್ ಎಂದು ಇಲ್ಲಿಯವರು ಕರೆಯುವ ಮರ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿಯೂ ಬೆಳೆಯುವಂಥದು. ಗೋಡೆಯನ್ನು ಸೀಳಿದ ಬೇರೇ ಈಗ ಗೋಡೆಯನ್ನು ಅಪ್ಪಿ ಹಿಡಿದಿದೆ; ಕಡಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಬಿರುಕು ಬೆಳೆಯುತ್ತದೆ. ಈ ಇಕ್ಕಟ್ಟಿನ ಕೆಲಸದಲ್ಲಿ 2004ರಿಂದ ಭಾರತದ ಪುರಾತತ್ವ ಇಲಾಖೆಯವರು ಕಾಂಬೋಡಿಯದವರೊಡನೆ ಕೈಜೋಡಿಸಿದರು. ಅಂಗ್‌ಕೋರ್ ವಾಟಿನಲ್ಲಿಯೂ 1986ರಿಂದ 1993ರವರೆಗೆ, ಅಂತರ್ಯುದ್ಧ ಇನ್ನೂ ಮುಗಿಯದ ದಿನಗಳಲ್ಲಿ, ನಮ್ಮವರು ದುರಸ್ತಿಯ ಕೆಲಸ ಮಾಡಿದ್ದರು.

ನದಿಯ ತಲೆ

ನೀರಿನ ಮೂಲವನ್ನು ಕಾಣಬೇಕಾದರೆ ಕುಲೇನ್ ಬೆಟ್ಟಗಳ ಕಡೆಗೆ ಹೋಗಬೇಕು. ಅಲ್ಲಿ ಕ್ಬಾಲ್ ಸ್ಪಿಯನ್ ಎಂಬಲ್ಲಿ, ಕಾಡುಹಾದಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಏರಿದರೆ, ತೊರೆಯೊಂದು ಕಲ್ಲಿನ ಹಾಸಿನ ಮೇಲೆ ಹರಿಯುತ್ತದೆ. ನೀರು ತಿಳಿಯಾಗಿದ್ದಾಗ ಬಗ್ಗಿ ನೋಡಿದರೆ ಹಾಸಿನ ತುಂಬ ಸಾಲುಸಾಲಾಗಿ ಶಿವಲಿಂಗಗಳು; ಒಂದು ಕಡೆ ಅನಂತನ ಮೇಲೆ ಪವಡಿಸಿದ ವಿಷ್ಣು. ಹನ್ನೊಂದನೆಯ ಶತಮಾನದಲ್ಲಿ ಮೊದಲಾದ ಕೆತ್ತನೆ ಇದು. ಬಯಲಿಗಿಳಿದು ಕೆರೆ ತುಂಬಿ, ಹೊಲಗಳನ್ನು ತಣಿಸುವ ನೀರು ಮೊದಲು ಈ ಲಿಂಗಗಳನ್ನು ಸೋಕಿ ತೀರ್ಥವಾಗಲೆಂಬುದು ಕೆತ್ತಿಸಿದವರ ಭಾವನೆ.

ಶಿರಸಿಯ ಬಳಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸಹಸ್ರಲಿಂಗವನ್ನು ಕಂಡವರಿಗೆ ಇಲ್ಲಿ ಹೊಸ ದೇಶಕ್ಕೆ ಬಂದಂತೆ ತೋರುವುದಿಲ್ಲ. ಕೆತ್ತಿದ ಕಾಲ ಬೇರೆ, ಅರಸರು ಬೇರೆ. ಹರಿಯುವ ನೀರನ್ನು ಕಂಡು ಕೈಮುಗಿದ ಮನಸ್ಸು ಒಂದೇ. ಚಿತ್ರ ತೆಗೆಯುವವರು ಇಲ್ಲಿಗೆ ಮಳೆಗಾಲದ ಕೊನೆಯಲ್ಲಿ ಬರುವುದು ಮೇಲು. ಬೇಸಗೆಯಲ್ಲಿ ತೊರೆ ಸೊರಗುತ್ತದೆ. ಕಲ್ಲು ಕಾಣುತ್ತದೆ, ಅದರ ಅರ್ಥ ಕಾಣುವುದಿಲ್ಲ.

ಹಿಂದಕ್ಕೆ ಹರಿಯುವ ನದಿ

ಕುಲೇನಿನಿಂದ ಇಳಿದ ನೀರು ಕೊನೆಗೆ ಸೇರುವುದು ತೊನ್ಲೆ ಸಾಪ್ ಎಂಬ ಮಹಾಸರೋವರವನ್ನು. ಇದು ಪ್ರಕೃತಿಯ ಅದ್ಭುತಗಳಲ್ಲೊಂದು. ಬೇಸಗೆಯಲ್ಲಿ ಸರೋವರದ ನೀರು ಒಂದು ನದಿಯಾಗಿ ಹರಿದು ಮೆಕಾಂಗ್ ನದಿಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಆ ನದಿ ಹಿಂದುಮುಂದಾಗಿ, ಸರೋವರದ ಕಡೆಗೆ ಹರಿಯತೊಡಗುತ್ತದೆ. ಸುಮಾರು 2,500 ಚದರ ಕಿಲೋಮೀಟರಿದ್ದ ಸರೋವರ ಮಳೆ ಚೆನ್ನಾಗಿ ಆದ ವರ್ಷ ಐದಾರು ಪಟ್ಟು ಹಿಗ್ಗುತ್ತದೆ. ದಡದ ಕಾಡು ಕುತ್ತಿಗೆಯವರೆಗೆ ನೀರಿನಲ್ಲಿ ನಿಲ್ಲುತ್ತದೆ. ಮೀನುಗಳು ಮರದ ಕೊಂಬೆಗಳ ನಡುವೆ ಮರಿಮಾಡುತ್ತವೆ. ನೀರು ಮತ್ತೆ ಇಳಿಯುವ ಕಾಲಕ್ಕೆ ದೋಣಿಪಂದ್ಯಗಳ ಜಲೋತ್ಸವ.

ಕಂಪೋಂಗ್ ಫ್ಲುಕ್ ಎಂಬ ಹಳ್ಳಿಯ ಮನೆಗಳು ಎತ್ತರವಾದ ಕಂಬಗಳ ಮೇಲೆ ನಿಂತಿವೆ. ಬೇಸಗೆಯಲ್ಲಿ ಆ ಕಂಬಗಳ ಕೆಳಗೆ ಮಕ್ಕಳು ಆಡುತ್ತಾರೆ. ಮಳೆಗಾಲದಲ್ಲಿ ಅದೇ ಮನೆಯ ಬಾಗಿಲಿಗೆ ದೋಣಿ ಬಂದು ನಿಲ್ಲುತ್ತದೆ. ಕಾಂಬೋಡಿಯದ ನಾಣ್ಯದ ಹೆಸರು ರಿಯೆಲ್. ಈ ನೀರಿನಲ್ಲಿ ಸಿಕ್ಕುವ ಒಂದು ಪುಟ್ಟ ಮೀನಿಗೂ ಅದೇ ಹೆಸರು. ಎಂಟು ನೂರು ವರ್ಷಗಳ ಹಿಂದೆ ಬಾಯೋನ್ ಗುಡಿಯ ಗೋಡೆಯಲ್ಲಿ ಶಿಲ್ಪಿ ಕೆತ್ತಿದ ಮೀನುಗಾರ, ಸಂತೆಯ ಹೆಂಗಸು, ಕೋಳಿಕಾಳಗದ ಜೂಜುಕಾರ ಇವರೆಲ್ಲರೂ ಈ ದಂಡೆಯಲ್ಲಿ ಇನ್ನೂ ಬದುಕಿದ್ದಾರೆಂದೇ ತೋರುತ್ತದೆ. ಆದರೆ ಈಚಿನ ವರ್ಷಗಳಲ್ಲಿ, ಮುಖ್ಯವಾಗಿ 2019 ಮತ್ತು 2020ರಲ್ಲಿ, ನೆರೆ ಬಹಳ ತಗ್ಗಿತು. ಮಳೆಯ ಕೊರತೆಯೊಡನೆ ಮೆಕಾಂಗಿನ ಮೇಲ್ಭಾಗದ ಅಣೆಕಟ್ಟುಗಳ ಪರಿಣಾಮವೂ ಸೇರಿದೆಯೆಂದು ಬಲ್ಲವರು ಹೇಳುತ್ತಾರೆ. ನೆರೆ ತಗ್ಗಿದರೆ ಮೀನು ತಗ್ಗುತ್ತದೆ. ಮೀನು ತಗ್ಗಿದರೆ ಈ ಹಳ್ಳಿಗಳಿಗೆ ಬೇರೆ ಗತಿಯಿಲ್ಲ.

ನೆಲದಡಿಯ ನೀರು

ಅಪಾಯ ಗುಡಿಗಳ ಸಮೀಪದಲ್ಲಿಯೂ ಇದೆ. ಅಂಗ್‌ಕೋರ್ 1992ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಂದಿನಿಂದ ಸಿಯಂ ರೀಪ್ ಪಟ್ಟಣ ಬೆಳೆದ ಪರಿ ಆಶ್ಚರ್ಯಕರ. 2018ರಲ್ಲಿ 25 ಲಕ್ಷಕ್ಕೂ ಹೆಚ್ಚು ವಿದೇಶೀಯರು ಟಿಕೆಟು ಕೊಂಡು ಅಂಗ್‌ಕೋರನ್ನು ನೋಡಿದರು. ಅಷ್ಟು ಜನರ ಸ್ನಾನಕ್ಕೆ, ಅಡಿಗೆಗೆ, ಈಜುಕೊಳಗಳಿಗೆ ನೀರೆಲ್ಲಿಂದ ಬರಬೇಕು? ಹೋಟೆಲುಗಳೂ ಮನೆಗಳೂ ಕೊಳವೆಬಾವಿ ಕೊರೆದವು. ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಅಂತರ್ಜಲ ಇಳಿದರೆ ನಲ್ಲಿ ಒಣಗುತ್ತದೆ; ಇಲ್ಲಿ ಅದರೊಡನೆ ಗೋಪುರಗಳ ಕೆಳಗಿನ ಮರಳೂ ಒಣಗೀತೆಂಬ ಭೀತಿ. ಯಾವ ಚಿತ್ರವನ್ನು ತೆಗೆಯುವುದಕ್ಕಾಗಿ ಜನ ಬರುತ್ತಾರೆಯೋ ಆ ಚಿತ್ರದ ಬುನಾದಿಯನ್ನೇ ಅವರ ಬಕೆಟ್ಟಿನ ನೀರು ಅಲುಗಿಸುವಂತಾಗಬಾರದಲ್ಲವೆ?

ಈ ಪ್ರಶ್ನೆಯನ್ನು ಇಲ್ಲಿಯವರು ಕಡೆಗಣಿಸಿಲ್ಲ. ಪಟ್ಟಣಕ್ಕೆ ಅಂತರ್ಜಲದ ಬದಲು ಕೆರೆ ಸರೋವರಗಳ ನೀರನ್ನು ಒದಗಿಸುವ ಯೋಜನೆಗಳು ಹೊರಟಿವೆ. 1995ರಲ್ಲಿ ಸ್ಥಾಪಿತವಾದ, ಅಂಗ್‌ಕೋರಿನ ಮೇಲ್ವಿಚಾರಣೆ ನಡೆಸುವ ಅಪ್ಸರಾ ಪ್ರಾಧಿಕಾರ ಹಳೆಯ ಕಾಲುವೆ ಕಂದಕಗಳ ಹೂಳು ತೆಗೆಸಿ, ಏರಿಗಳನ್ನು ಭದ್ರಪಡಿಸಿ, ಪುರಾತನರ ನೀರಿನ ದಾರಿಗಳನ್ನೇ ಮತ್ತೆ ತೆರೆಸುತ್ತ ಬಂದಿದೆ. ಇದರಿಂದ ಮಳೆಗಾಲದಲ್ಲಿ ಪಟ್ಟಣಕ್ಕೆ ನುಗ್ಗುವ ನೆರೆಯನ್ನು ತಡೆಯುವುದಕ್ಕೂ ಸಹಾಯವಾಗಿದೆ. ಒಂಬತ್ತು ನೂರು, ಸಾವಿರ ವರ್ಷದ ಹಿಂದಿನವರ ಲೆಕ್ಕಾಚಾರ ಇಂದಿಗೂ ತಪ್ಪಿಲ್ಲ.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಆದರೆ ಚಿತ್ರಕ್ಕೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಶ್ರೇಷ್ಠ. ಆಗ ಕಲ್ಲಿಗೆ ಹಸಿರು ಪಾಚಿಯ ಬಣ್ಣ, ಕಂದಕ ತುಂಬ ನೀರು, ಜನಸಂದಣಿಯೂ ಕಡಮೆ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಇವು ಪೂಜೆ ನಡೆಯುವ ಸ್ಥಳಗಳು. ಕಾಷಾಯ ತೊಟ್ಟ ಭಿಕ್ಷುಗಳ ಚಿತ್ರವನ್ನು ಕೇಳದೆ ತೆಗೆಯಬಾರದು. ಕೆತ್ತನೆಯನ್ನು ಕೈಯಿಂದ ಮುಟ್ಟುವುದೂ ಬೇಡ. ಲಕ್ಷಾಂತರ ಕೈಗಳು ಸವರಿದ ಕಡೆ ಕಲ್ಲು ಎಣ್ಣೆ ಹಚ್ಚಿದಂತೆ ಮಿರುಗುತ್ತ ಸವೆಯುತ್ತಿದೆ.

ಒಂದು ಸಂಜೆಯನ್ನು ನೀಕ್ ಪೋನ್ ಎಂಬ ಪುಟ್ಟ ಗುಡಿಗೆ ಮೀಸಲಿಡಿರಿ. ಏಳನೆಯ ಜಯವರ್ಮನು ಕಟ್ಟಿಸಿದ ಜಯತಟಾಕವೆಂಬ ಕೆರೆಯ ನಡುವಿನ ದ್ವೀಪ ಇದು. ನಡುವೆ ಒಂದು ಕೊಳ, ಅದರ ಸುತ್ತ ನಾಲ್ಕು ಕೊಳ. ಆನೆ, ಕುದುರೆ, ಸಿಂಹ, ಮನುಷ್ಯ, ಈ ನಾಲ್ಕು ಮುಖಗಳ ಬಾಯಿಂದ ನೀರು ಹೊರಗಿನ ಕೊಳಗಳಿಗೆ ಬೀಳುವಂತೆ ರಚನೆ. ಜಯತಟಾಕ ಶತಮಾನಗಳ ಕಾಲ ಬತ್ತಿ ಬಯಲಾಗಿತ್ತು. ಈ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ ಅದರ ದಾರಿಗಳನ್ನು ಸರಿಪಡಿಸಿ ಮತ್ತೆ ನೀರು ತುಂಬಿಸಿದರು. ಈಗ ಗುಡಿಗೆ ಹೋಗುವುದು ನೀರಿನ ಮೇಲೆ ಹಾಯ್ದ ಮರದ ಕಾಲುಸೇತುವೆಯಿಂದ. ಎರಡು ಮಗ್ಗುಲಲ್ಲಿಯೂ ನೀರಿನಲ್ಲಿ ಸತ್ತುನಿಂತ ಮರಗಳ ಬೋಳು ಕಾಂಡಗಳು, ಅವುಗಳ ಸುತ್ತ ನೈದಿಲೆಯ ಎಲೆಗಳು. ಕೆರೆ ಬತ್ತಿದ್ದಾಗ ಅದರ ಅಂಗಳದಲ್ಲಿ ಹುಟ್ಟಿ ಬೆಳೆದಿದ್ದ ಮರಗಳವು. ಸಂಜೆಯ ಬೆಳಕು ಓರೆಯಾಗಿ ಬಿದ್ದಾಗ ಇಲ್ಲಿ ಒಳ್ಳೆಯ ಚಿತ್ರ ಸಿಕ್ಕುತ್ತದೆ. ಚಿತ್ರದಲ್ಲಿ ಬಾರದ ಕೆಲಸವೂ ಆ ಹೊತ್ತಿನಲ್ಲಿ ನಡೆಯುತ್ತಲೇ ಇರುತ್ತದೆ. ಕೆರೆಯಲ್ಲಿ ನಿಂತ ನೀರು ತೊಟ್ಟುತೊಟ್ಟಾಗಿ ನೆಲಕ್ಕೆ ಇಳಿಯುತ್ತಿರುತ್ತದೆ.